ಮೈದುನನ ಮೊಣಕೈ ಮತ್ತು ನನ್ನ ಪೀಪಿ

ನಲವತ್ತು ದಾಟಿದ ಮೇಲೆ ಕೆಲವರಿಗೆ ಏನಾದರೊಂದು ಹೊಸದನ್ನು ಕಲಿಯುವ ಹುಚ್ಚು ಹಿಡಿಯುತ್ತದೆ. ನನ್ನ ಪರಿಚಯದವರಲ್ಲೇ ಒಬ್ಬರು ಚೆಂಡೆ ಕಲಿಯಲು ಹೋಗಿ ಭುಜ ಉಳುಕಿಸಿಕೊಂಡಿದ್ದಾರೆ. ಇನ್ನೊಬ್ಬರು ಈಜಿಗೆ ಸೇರಿ ಮೊದಲ ವಾರವಿಡೀ ಕೊಳದ ಮೆಟ್ಟಿಲ ಮೇಲೆ ಕುಳಿತು, ಪಾದ ಮಾತ್ರ ಒದ್ದೆ ಮಾಡಿಕೊಂಡು ಮನೆಗೆ ಬಂದಿದ್ದಾರೆ. ಇವರನ್ನೆಲ್ಲ ಕಂಡು ಹೊಟ್ಟೆ ತುಂಬ ನಕ್ಕವಳು ನಾನು. ಆ ಪಾಪ ಸುತ್ತಿಕೊಂಡಿತೋ ಏನೋ, ನಲವತ್ತಾರನೇ ವಯಸ್ಸಿನಲ್ಲಿ ನಾನು ವಾಲಿಬಾಲ್ ರೆಫ್ರಿಯಾಗಲು ಕಲಿಯಬೇಕಾಗಿ ಬಂತು. ಹುಚ್ಚಿನಿಂದಲ್ಲ, ಎತ್ತರದಿಂದ.

ನಾನು ಕದ್ರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಶಶಿಕಲಾ ಎಂಬುದು ಹೆಸರಾದರೂ ಜನ ನನ್ನನ್ನು ಗುರುತು ಹಿಡಿಯುವುದು ಐದು ಅಡಿ ಒಂಬತ್ತು ಇಂಚಿನ ಎತ್ತರದಿಂದ. ಮದುವೆಯ ಫೋಟೋದಲ್ಲಿ ನನ್ನ ಗಂಡ ಸುಧಾಕರ ನನಗಿಂತ ಎರಡು ಬೆರಳು ಎತ್ತರ ಕಾಣಿಸುತ್ತಾರೆ; ಅವರ ಕಾಲ ಕೆಳಗೆ ಫೋಟೋಗ್ರಾಫರ್ ಇಡಿಸಿದ ಊಟದ ಮಣೆ ಮಾತ್ರ ಫೋಟೋದಲ್ಲಿ ಬಂದಿಲ್ಲ. ಶಾಲೆಯ ಗ್ರೂಪ್ ಫೋಟೋದಲ್ಲಿ ನಾನು ಯಾವಾಗಲೂ ಹಿಂದಿನ ಸಾಲಿನಲ್ಲಿ ಗಂಡಸರ ಜೊತೆ. ಸ್ಟಾಫ್ ರೂಮಿನಲ್ಲಿ ಜೇಡ ಬಲೆ ಕಟ್ಟಿದರೆ ಕೋಲು ಹುಡುಕುವುದಿಲ್ಲ, ನನ್ನನ್ನು ಕರೆಯುತ್ತಾರೆ.

ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ನಿವೃತ್ತರಾಗಿ, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಅಷ್ಟರಲ್ಲಿ ಅಂತರಶಾಲಾ ಪಂದ್ಯಗಳಿಗೆ ರೆಫ್ರಿಗಳ ಕೊರತೆಯಿದೆ, ಪ್ರತಿ ಶಾಲೆಯಿಂದ ಒಬ್ಬರನ್ನು ತರಬೇತಿಗೆ ಕಳುಹಿಸಿ ಎಂದು ಸುತ್ತೋಲೆ ಬಂತು. ಮೀಟಿಂಗಿನಲ್ಲಿ ಹೆಡ್ ಮಿಸ್ಟ್ರೆಸ್ ಅದನ್ನು ಓದಿ ಕಣ್ಣೆತ್ತಿ ನೋಡಿದಾಗ ಎಲ್ಲರೂ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆದರೆ ತಗ್ಗಿಸಿದ ಮೇಲೂ ನನ್ನ ತಲೆ ಉಳಿದವರ ತಲೆಗಿಂತ ಮೇಲೆಯೇ ಇತ್ತು.

"ಶಶಿಕಲಾ ಟೀಚರ್, ನೀವು ಕಾಲೇಜಲ್ಲಿ ವಾಲಿಬಾಲ್ ಆಡಿದವರಲ್ಲವಾ?" ಎಂದರು.

ಯಾವತ್ತೋ ಊಟದ ಹೊತ್ತಿಗೆ ಕೊಚ್ಚಿಕೊಂಡಿದ್ದೆ. ನಿಜ ಸಂಗತಿಯೆಂದರೆ, ಎತ್ತರ ನೋಡಿ ನನ್ನನ್ನು ತಂಡಕ್ಕೆ ಸೇರಿಸಿ, ಆಟ ನೋಡಿ ಬೆಂಚಿನ ಮೇಲೆ ಕೂರಿಸಿದ್ದರು. ಮೂರು ವರ್ಷ ನಾನು ಆ ಬೆಂಚಿನಿಂದ ಎದ್ದದ್ದು ಆಟಗಾರ್ತಿಯರಿಗೆ ನೀರು ಕೊಡಲು ಮತ್ತು ಚಪ್ಪಾಳೆ ತಟ್ಟಲು. ಒಮ್ಮೆ ಒಬ್ಬಳ ಕಾಲು ಉಳುಕಿ ನನ್ನನ್ನು ಇಳಿಸಿದಾಗ ನಾನು ಮಾಡಿದ ಸರ್ವಿಸ್ ನಮ್ಮ ಕ್ಯಾಪ್ಟನ್ನಿನ ಬೆನ್ನಿಗೆ ಬಿದ್ದಿತ್ತು. ಇಷ್ಟನ್ನೆಲ್ಲ ಮೀಟಿಂಗಿನಲ್ಲಿ ಹೇಳಲಾದೀತೇ? "ಹೌದು ಮೇಡಂ" ಎಂದೆ.

ತರಬೇತಿ ಐದು ಆದಿತ್ಯವಾರ, ಬೆಳಿಗ್ಗೆ. ಕಲಿಸಿದವರು ದಾಮೋದರ ಮಾಸ್ಟ್ರು. ಮೂವತ್ತು ವರ್ಷ ರೆಫ್ರಿಯಾಗಿದ್ದವರು, ಬಿಸಿಲಿಗೆ ಒಣಗಿ ಗಟ್ಟಿಯಾದ ಸಣ್ಣ ಮನುಷ್ಯ, ಮೊಣಕಾಲು ನೋವೆಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೇ ಕಲಿಸುವವರು. ನನ್ನ ಜೊತೆ ಕಲಿಯಲು ಬಂದವರು ಇಬ್ಬರು ಕಾನ್‌ಸ್ಟೇಬಲ್‌ಗಳು, ಒಬ್ಬ ಜಿಮ್ಮಿನವ, ಉಳಿದವರೆಲ್ಲ ಬಿ.ಪಿ.ಎಡ್. ಓದುವ ಹುಡುಗ ಹುಡುಗಿಯರು. ಅವರಲ್ಲೊಬ್ಬಳು ನನ್ನದೇ ಹಳೆಯ ವಿದ್ಯಾರ್ಥಿನಿ. "ಟೀಚರ್, ನೀವು ಕಲಿಸ್ಲಿಕ್ಕೆ ಬಂದದ್ದಾ?" ಎಂದು ಕೇಳಿದಳು. ಕಲಿಯಲು ಎಂದಾಗ ಅವಳ ಮುಖದಲ್ಲಿ ಮೂಡಿದ ಸಂತೋಷ ನನಗೆ ಹಿಡಿಸಲಿಲ್ಲ. ಹತ್ತನೇ ತರಗತಿಯಲ್ಲಿ ಅವಳನ್ನು ಛಂದಸ್ಸಿಗಾಗಿ ಎಷ್ಟು ಸಲ ನಿಲ್ಲಿಸಿದ್ದೆನೋ!

ಮೊದಲ ದಿನವೇ ಎಡವಿದ್ದು ಪೀಪಿಯಲ್ಲಿ. ಎಲ್ಲರೂ ಒಬ್ಬೊಬ್ಬರಾಗಿ ಊದಿದರು. ನಾನು ಊದಿದಾಗ ಬಂದದ್ದು ಗಾಳಿ ಮತ್ತು ಸ್ವಲ್ಪ ಉಗುಳು.

"ಟೀಚರೇ, ಬೆಕ್ಕನ್ನು ಕರೆದ ಹಾಗೆ ಆಯ್ತಲ್ಲ" ಎಂದರು ಮಾಸ್ಟ್ರು. "ನಂತೂರಲ್ಲಿ ಟ್ರಾಫಿಕ್ ಪೊಲೀಸು ಊದುವುದು ಕೇಳಿದ್ದೀರಾ? ಒಮ್ಮೆ ಹೋಗಿ ನೋಡಿ. ಲಾರಿ ನಿಲ್ತದೋ ಇಲ್ಲವೋ ಬೇರೆ ವಿಷಯ. ಆದರೆ ಊದುವವನಿಗೆ ಡೌಟ್ ಉಂಟಾ, ನೋಡಿ."

ಹೇಳಿದ್ದನ್ನು ಅಕ್ಷರಶಃ ಮಾಡುವುದು ನನ್ನ ದೋಷ. ಮರುದಿನ ಶಾಲೆ ಬಿಟ್ಟ ಮೇಲೆ ನಂತೂರಿಗೆ ಹೋಗಿ, ಸರ್ಕಲ್ಲಿನ ಬದಿಯಲ್ಲಿ ನಿಂತು ಪೊಲೀಸನನ್ನೇ ನೋಡತೊಡಗಿದೆ. ಹದಿನಾಲ್ಕು ಚಕ್ರದ ಲಾರಿಗಳು, ಬಸ್ಸುಗಳು, ನುಸುಳುವ ಸ್ಕೂಟರುಗಳು, ಇವುಗಳ ನಡುವೆ ಆ ಮನುಷ್ಯ ತನ್ನ ಇಡೀ ಹೊಟ್ಟೆಯಿಂದ ಊದುತ್ತಿದ್ದ. ಹತ್ತು ನಿಮಿಷ ಕಳೆದಾಗ ಅವನ ಕಣ್ಣು ನನ್ನ ಮೇಲೆ ಬಿತ್ತು. "ಎಂತ ಮೇಡಂ, ದಾಟ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿ ಕೈ ಬೀಸಿದ. ಒಂದು ಹೆದ್ದಾರಿಯೇ ನನಗಾಗಿ ನಿಂತಿರುವಾಗ ದಾಟದಿರುವುದು ಹೇಗೆ? ದಾಟಿದೆ. ಆದರೆ ನನ್ನ ಬಸ್ಸು ಬರುವುದು ಮೊದಲು ನಿಂತಿದ್ದ ಕಡೆಗೆ. ಅವನು ನೋಡದ ಸಮಯ ಕಾದು ಮರಳಿ ದಾಟಲು ಕಾಲು ಗಂಟೆ ಹಿಡಿಯಿತು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ನಮ್ಮ ಕೆಳಗಿನ ಮನೆಯ ವಿನ್ನಿ ಬಾಯಿ ಕುಕ್ಕರಿನಲ್ಲಿ ಕುಚ್ಚಲಕ್ಕಿ ಇಟ್ಟು, ಟಿವಿ ನೋಡುತ್ತಾ ಸೀಟಿ ಎಣಿಸುವವರು. ಎರಡು ದಿನ ಅವರ ಮನೆಯಲ್ಲಿ ಅನ್ನ ಬೇಯಲಿಲ್ಲ. ಮೂರನೆಯ ದಿನ ಮೇಲೆ ಬಂದು, "ಶಶಿ, ನಿಮ್ಮ ಕುಕ್ಕರ್ ರಿಪೇರಿಗೆ ಕೊಡಿ ಮಾರಾಯ್ತಿ, ನನ್ನ ಗಂಡ ಹಲ್ಲು ಕಟ್ಟಿಸಿದ್ದು ಮೊನ್ನೆಯಷ್ಟೇ" ಎಂದರು. ಆಮೇಲೆ ನಾನು ತಾರಸಿಗೆ ಹೋದೆ.

ತಾರಸಿಯಲ್ಲಿ ನನಗೆ ನಿಜವಾದ ಪಾಠ ಹೇಳಿದವನು ನನ್ನ ಮೈದುನ ಯತೀಶ. ಮೂವತ್ತೊಂದು ವರ್ಷ, ನಂತೂರಿನ ಹತ್ತಿರ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಕೆಲಸ, ಉಸಿರೆಲ್ಲ ವಾಲಿಬಾಲ್. ಅವನು ಬಟ್ಟೆ ಒಣಗಿಸುವ ಹಗ್ಗವನ್ನೇ ಎತ್ತರಕ್ಕೆ ಕಟ್ಟಿ ನೆಟ್ ಮಾಡಿದ. ನನ್ನನ್ನು ನೀರಿನ ಟಾಂಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಕೆಳಗೆ ಒಬ್ಬನೇ ಹಾರಿ, ಬಿದ್ದು, ತಪ್ಪು ಮಾಡಿ ತೋರಿಸಿದ. "ಇದೆಂತದು ಹೇಳಿ ಅತ್ತಿಗೆ?" "ಡಬಲ್." "ಇದು?" "ಹೋಲ್ಡಿಂಗ್." "ಈಗ?" "ಈಗ ಅತ್ತೆಯ ಸೀರೆ ಹರಿಯಿತು." ಬೆವರಿಳಿಯುವ ತನಕ ಅವನು ನನಗಾಗಿ ಹಾರಿದ್ದಾನೆ. ಅದನ್ನು ನಾನು ಮರೆಯಬಾರದು.

ಆಟಗಾರರ ಸ್ಥಾನ ಬದಲಾವಣೆಯ ಲೆಕ್ಕ ನನ್ನ ತಲೆಗೆ ಹೋಗದಿದ್ದಾಗ ಸುಧಾಕರ ಊಟದ ಮೇಜಿನ ಮೇಲೆ ಆರು ಸ್ಟೀಲ್ ಲೋಟ ಇಟ್ಟು ಸುತ್ತಿಸಿದರು. ಅವುಗಳಲ್ಲಿ ಒಂದರಲ್ಲಿ ಚಹಾ ಇತ್ತು. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಅತ್ತೆ ಬಂದು, ಚಹಾದ ಲೋಟ ಎತ್ತಿಕೊಂಡು ಹೋದರು. "ಅತ್ತೆ, ಅದು ಹಿಂದಿನ ಸಾಲಿನ ಆಟಗಾರ" ಎಂದೆ. "ತಣಿದಿದ್ದಾನೆ" ಎಂದರು.

ಪೀಪಿ ಸರಿಯಾಯಿತು, ಸನ್ನೆಗಳೂ ಕೈಗೆ ಹತ್ತಿದವು. ಆದರೆ ಇಪ್ಪತ್ತೊಂದು ವರ್ಷದ ಪಾಠದ ಚಟ ಬಿಡಬೇಕಲ್ಲ! ಅಣಕು ಪಂದ್ಯದಲ್ಲಿ ಒಂದು ತಪ್ಪು ಹಿಡಿದು ಊದಿದೆ. ಕ್ಯಾಪ್ಟನ್ ಬಂದು "ಯಾಕೆ ಮೇಡಂ?" ಎಂದ. ನಾನು ರೆಫ್ರಿ ನಿಲ್ಲುವ ಎತ್ತರದ ಸ್ಟ್ಯಾಂಡಿನ ಮೇಲಿನಿಂದ ಬಗ್ಗಿ, ಚೆಂಡು ಯಾವ ಕಡೆಯಿಂದ ಬಂತು, ಆಗ ಅವನ ಗೆಳೆಯ ಎಲ್ಲಿದ್ದ, ಎಲ್ಲಿರಬೇಕಿತ್ತು ಎಂದು ವಿವರಿಸತೊಡಗಿದೆ. ಎರಡು ಉದಾಹರಣೆಯನ್ನೂ ಕೊಟ್ಟೆ. ಕುರ್ಚಿಯಿಂದ ದಾಮೋದರ ಮಾಸ್ಟ್ರು ಕೂಗಿದರು: "ಟೀಚರೇ, ಇದು 'ಸಂದರ್ಭಸಹಿತ ವಿವರಿಸಿ' ಅಲ್ಲ! ಪೀಪಿ, ಕೈ, ಮುಗೀತು!" ನನ್ನ ಹಳೆಯ ವಿದ್ಯಾರ್ಥಿನಿ ನಕ್ಕದ್ದು ನೆಟ್ಟಿನ ಆಚೆ ಕಡೆಗೂ ಕೇಳಿಸಿತು.

ಏನೇ ಇರಲಿ, ಪರೀಕ್ಷೆಯಲ್ಲಿ ಪಾಸಾದೆ. ಬಿಳಿ ಅಂಗಿ, ನೀಲಿ ಪ್ಯಾಂಟು, ಕೊರಳಲ್ಲಿ ಪೀಪಿ. ಅಂತರಶಾಲಾ ಪಂದ್ಯಗಳಲ್ಲಿ ಮಕ್ಕಳು ನನ್ನ ತೀರ್ಪನ್ನು ಪ್ರಶ್ನಿಸಲಿಲ್ಲ. ಟೀಚರಿಗೆ ಎದುರಾಡುವ ಧೈರ್ಯ ಅವರಿಗೆಲ್ಲಿ? ಅದನ್ನು ನಾನು ನನ್ನ ಪ್ರತಿಭೆ ಎಂದುಕೊಂಡೆ. ಆ ಅಮಲಿನಲ್ಲಿರುವಾಗಲೇ ನಂತೂರಿನ ಹತ್ತಿರದ ಮೈದಾನದಲ್ಲಿ ಯುವಕರ ಸಂಘವೊಂದರ ಹಗಲು ಟೂರ್ನಮೆಂಟಿಗೆ ಕರೆ ಬಂತು. ಗಂಡಸರ ಪಂದ್ಯ. ದಾಮೋದರ ಮಾಸ್ಟ್ರಿಗೆ ಮೊಣಕಾಲು ನೋವು ಹೆಚ್ಚಾಗಿದ್ದರಿಂದ ಅವರ ಬದಲಿಗೆ ನಾನು.

ಮಧ್ಯಾಹ್ನದ ಸೆಮಿಫೈನಲ್ಲಿಗೆ ಸ್ಟ್ಯಾಂಡಿನ ಕಡೆ ನಡೆಯುತ್ತಿರುವಾಗ ಹಳದಿ ಜೆರ್ಸಿಯ ತಂಡದಿಂದ ಒಬ್ಬ ಕೈಬೀಸಿದ. ಯತೀಶ. ಸಂಘದ ಕಾರ್ಯದರ್ಶಿಯನ್ನು ಹುಡುಕಿ, "ಈ ಮ್ಯಾಚ್ ನನಗೆ ಬೇಡ, ನನ್ನ ಮೈದುನ ಆಡ್ತಾನೆ" ಎಂದೆ.

"ಮೇಡಂ, ಸಂಬಂಧ ಇಲ್ಲದ ರೆಫ್ರಿಯೇ ಬೇಕು ಅಂತಾದ್ರೆ ತುಮಕೂರಿಂದ ಕರೆಸಬೇಕಷ್ಟೆ" ಎಂದ ಆತ. "ಇನ್ನೊಬ್ಬರಿಗೆ ಬೆಳಿಗ್ಗೆಯಿಂದ ಜ್ವರ. ನೀವು ಹತ್ತಿ ಮಾರಾಯ್ರೆ, ಜನ ಕಾಯ್ತಾ ಇದ್ದಾರೆ."

ಒಪ್ಪಿದೆ. ಯತೀಶ ಅಷ್ಟರಲ್ಲೇ ತನ್ನ ತಂಡದವರಿಗೆ "ನಮ್ಮ ಅತ್ತಿಗೆ" ಎಂದು ಹೇಳಿ ಮುಗಿಸಿದ್ದ. ನೀಲಿ ಜೆರ್ಸಿಯ ಎದುರಾಳಿ ತಂಡಕ್ಕೂ ಅದು ತಲುಪಿತ್ತು. ಅವರ ಕ್ಯಾಪ್ಟನ್ ನಾಣ್ಯ ಚಿಮ್ಮಿಸುವಾಗ ನಗುತ್ತಲೇ, "ಮೇಡಂ, ನಮ್ಮನ್ನೂ ಸ್ವಲ್ಪ ಮೈದುನಂದಿರು ಅಂತಲೇ ತಿಳ್ಕೊಳ್ಳಿ ಆಯ್ತಾ?" ಎಂದ. ಸುತ್ತಲಿದ್ದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆ ಕ್ಷಣದಲ್ಲೇ ನಿಶ್ಚಯಿಸಿದೆ: ಸೂರ್ಯಚಂದ್ರರು ಬಿದ್ದರೂ ಸರಿ, ಯತೀಶನ ಒಂದೇ ಒಂದು ತಪ್ಪನ್ನೂ ಬಿಡುವುದಿಲ್ಲ.

ಒಂದೊಂದು ಸೆಟ್ ಇಬ್ಬರಿಗೂ ಆಯಿತು. ಮೂರನೆಯದು ನಿರ್ಣಾಯಕ, ಹದಿನೈದು ಅಂಕದ್ದು. ನೀಲಿಯವರು ಹದಿನಾಲ್ಕು, ಯತೀಶನ ತಂಡ ಹದಿಮೂರು. ಮೈದಾನದ ಸುತ್ತ ಜನ ಎದ್ದು ನಿಂತಿದ್ದರು. ಹಳದಿಯವರ ಸರ್ವಿಸ್ ಬಲವಾಗಿ ಬಂತು. ನೀಲಿಯವರ ಕಡೆ ಚೆಂಡು ಅಡ್ಡಾದಿಡ್ಡಿ ಹಾರಿತು, ಯಾರೋ ಓಡಿದರು, ಯಾರೋ ಬಿದ್ದರು, ಹೇಗೋ ಚೆಂಡು ನೆಟ್ಟಿನ ಮೇಲೆ ಎದ್ದಿತು. ನನ್ನ ಕಣ್ಣು ಈ ಕಡೆ ಯತೀಶನ ಮೇಲೆ. ಅವನು ತಡೆಯಲು ಹಾರಿದ. ಅವನ ಬಲ ಮೊಣಕೈ ನೆಟ್ಟಿನ ಮೇಲಿನ ಬಿಳಿ ಪಟ್ಟಿಯನ್ನು ಒತ್ತಿ ಕೆಳಗೆ ಜಾರಿತು. ನಂತೂರಿನ ಪೊಲೀಸನಿಗೂ ಹೊಟ್ಟೆಕಿಚ್ಚಾಗುವ ಹಾಗೆ ಊದಿದೆ. ನೀಲಿಯ ಕಡೆಗೆ ಕೈ ಚಾಚಿದೆ. ನೆಟ್ ಮುಟ್ಟಿ ತೋರಿಸಿದೆ. ಪಂದ್ಯ ಮುಗಿಯಿತು.

ಯತೀಶ ಸ್ಟ್ಯಾಂಡಿನ ಕಡೆ ತಿರುಗಿದ. "ಅತ್ತಿಗೆ, ತಾಗ್ಲಿಲ್ಲ" ಎಂದ. ಅವನ ತಂಡದವರೆಲ್ಲ ಸ್ಟ್ಯಾಂಡಿನ ಬುಡಕ್ಕೆ ಬಂದು ಕೂಗಿದರು. ನಾನು ವಿವರಿಸಲಿಲ್ಲ. ಪೀಪಿ, ಕೈ, ಮುಗೀತು. ನೀಲಿಯವರ ಕ್ಯಾಪ್ಟನ್ ಕೈ ಮುಗಿದು, "ಮೇಡಂ, ನ್ಯಾಯ ಅಂದ್ರೆ ಇದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸ್ಟ್ಯಾಂಡಿನಿಂದ ಇಳಿಯುವಾಗ ನಾನು ಐದು ಅಡಿ ಒಂಬತ್ತು ಇಂಚಲ್ಲ, ಆರು ಅಡಿ ದಾಟಿದ್ದೆ.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ಬಾಗಿಲಲ್ಲೇ ಕೇಳಿದರು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಅರ್ಧ ಇಳಿದಿದೆ ಎಂದು ತಿಳಿಯಬೇಕು.

"ಅವನ ಕೈ ನೆಟ್ಟಿಗೆ ತಾಗಿತಂತೆ, ಹೌದಾ?"

"ಹೌದು ಅತ್ತೆ."

"ತಾಗಿದ್ರೆ ಎಂತ, ನೆಟ್ ಹರಿದು ಹೋಯ್ತಾ?"

"ಹರಿಯಬೇಕು ಅಂತ ಇಲ್ಲ ಅತ್ತೆ, ತಾಗಿದ್ರೆ ಸಾಕು. ರೂಲ್ ಹಾಗೆ."

"ನಿನಗೆ ಅಂತ ಬಟ್ಟೆ ಹಗ್ಗ ಕಟ್ಟಿ ಕುಣಿದವ ಅವ. ನನ್ನ ಸೀರೆ ಹರಿದದ್ದಕ್ಕೆ ನಾನು ಪೀಪಿ ಊದಿದೆನಾ?"

ಸುಧಾಕರ ಪೇಪರಿನ ಹಿಂದೆ ಅಡಗಿದರು. ಹಂಪನಕಟ್ಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ಗಿರಾಕಿಗಳ ಜಗಳ ನೋಡಿದವರಿಗೆ ಯಾವಾಗ ಮಾತಾಡಬಾರದು ಎಂಬುದು ಚೆನ್ನಾಗಿ ಗೊತ್ತು.

ಯತೀಶ ನನ್ನೊಡನೆ ಮಾತು ಬಿಟ್ಟ. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಊಟಕ್ಕೆ ಕುಳಿತು, ನಾನು ಎದುರೇ ಇರುವಾಗ, "ಅಮ್ಮಾ, ಉಪ್ಪು ಸ್ವಲ್ಪ ಬೇಕು ಅಂತ ಹೇಳು" ಎನ್ನುತ್ತಿದ್ದ. ಅತ್ತೆ ನನ್ನತ್ತ ನೋಡಿ, "ಉಪ್ಪು ಬೇಕಂತೆ" ಎನ್ನುತ್ತಿದ್ದರು. ನಾನು ಉಪ್ಪನ್ನು ಅತ್ತೆಯ ಕಡೆ ದೂಡುತ್ತಿದ್ದೆ. ಹೀಗೆ ಮೂರು ವಾರ ನಮ್ಮ ಮನೆಯಲ್ಲಿ ಪ್ರತಿ ವಸ್ತುವೂ ಅತ್ತೆಯ ಮೂಲಕವೇ ಆಚೆ ಈಚೆ ಹೋಯಿತು. ತಾರಸಿಯ ಹಗ್ಗ ಮತ್ತೆ ಕೆಳಗಿಳಿಯಿತು. ಒಂದು ಸಂಜೆ ಬಟ್ಟೆ ತೆಗೆಯಲು ಹೋದವಳು ಆ ಟಾಂಕಿಯ ಕಟ್ಟೆಯ ಮೇಲೆ ಕುಳಿತು ಅತ್ತೇಬಿಟ್ಟೆ. ನನಗೆ ಮಕ್ಕಳಿಲ್ಲ, ನಾನು ಈ ಮನೆಗೆ ಬಂದಾಗ ಯತೀಶ ಏಳನೇ ತರಗತಿಯಲ್ಲಿದ್ದ, ನಿಬಂಧಗಳನ್ನೆಲ್ಲ ನನ್ನಿಂದಲೇ ಬರೆಸಿಕೊಂಡವನು. ಒಂದು ಮೊಣಕೈಯನ್ನು ಕಾಣದ ಹಾಗೆ ಇದ್ದುಬಿಡಬಹುದಿತ್ತಲ್ಲ ಎಂದು ಅನ್ನಿಸಿದ್ದು ಸುಳ್ಳಲ್ಲ. ಮರುಕ್ಷಣವೇ, ಇಲ್ಲ, ನಾನು ಕಂಡದ್ದನ್ನು ಊದಿದ್ದೇನೆ ಎಂದು ಮೂಗು ಒರೆಸಿಕೊಂಡು ಇಳಿದು ಬಂದೆ.

ನಾಲ್ಕನೆಯ ಆದಿತ್ಯವಾರ ಬೆಳಿಗ್ಗೆ ಯತೀಶ ನೇರ ಅಡುಗೆಮನೆಗೆ ಬಂದ. ಕೈಯಲ್ಲಿ ಮೀನಿನ ಪ್ಲಾಸ್ಟಿಕ್ ತೊಟ್ಟೆ. ಅದನ್ನು ಸಿಂಕಿನಲ್ಲಿಟ್ಟು, ಗೋಡೆಯನ್ನು ನೋಡುತ್ತಾ, "ಅತ್ತಿಗೆ, ಅಂಜಲ್. ಫ್ರೆಶ್ ಉಂಟು" ಎಂದ.

"ಅಮ್ಮನ ಹತ್ರ ಹೇಳು" ಎಂದೆ.

"ಅತ್ತಿಗೆ, ತಾಗಿದ್ದು ಹೌದು."

ನಾನು ತಿರುಗಿದೆ.

"ನನಗೆ ಆವತ್ತೇ ಗೊತ್ತಿತ್ತು. ಮೊಣಕೈಗೆ ಪಟ್ಟಿ ತಾಗಿದ್ದು ಗೊತ್ತಾಗುದಿಲ್ವಾ? ಅಷ್ಟು ಜನರ ಎದುರು... ಎಂತ ಹೇಳುದು. ನಮ್ಮ ಫ್ರೆಂಡ್ ಒಬ್ಬ ವಿಡಿಯೋ ಮಾಡಿದ್ದಾನೆ, ನಿಮ್ಮದು ತಪ್ಪು ಅಂತ ತೋರಿಸ್ಲಿಕ್ಕೆ ಗ್ರೂಪಿಗೆ ಹಾಕಿದ. ನೋಡಿದ್ರೆ ನನ್ನ ಕೈ ಕ್ಲಿಯರ್ ಆಗಿ ಕಾಣ್ತದೆ. ಈಗ ಎಲ್ಲರೂ ನನಗೇ ಬಯ್ಯುದು." ಆಮೇಲೆ ಸಣ್ಣ ದನಿಯಲ್ಲಿ, "ಸಾರಿ ಅತ್ತಿಗೆ. ನೀವು ಮೋಸ ಮಾಡುವವರಲ್ಲ ಅಂತ ನಾನೇ ಎಲ್ಲರಿಗೂ ಹೇಳಬೇಕಿತ್ತು" ಎಂದ.

ನನ್ನ ಕಣ್ಣು ತುಂಬಿತು. ತಪ್ಪನ್ನು ಹೆಚ್ಚುತ್ತಿದ್ದ ಈರುಳ್ಳಿಯ ಮೇಲೆ ಹಾಕಿದೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಅತ್ತೆ, "ನಾನು ಆವತ್ತೇ ಹೇಳಿದ್ದೆ, ಶಶಿ ಸುಳ್ಳು ಪೀಪಿ ಊದುವವಳಲ್ಲ ಅಂತ" ಎಂದರು. ಯಾರಿಗೆ, ಯಾವಾಗ ಹೇಳಿದ್ದರೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆ ದಿನದಂಥ ಊಟ ನಮ್ಮ ಮನೆಯಲ್ಲಿ ಹಬ್ಬಕ್ಕೂ ಆಗಿರಲಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಿಮ್ಮ ಕಣ್ಣಲ್ಲೂ ದೊಡ್ಡವಳಾಗಿಯೇ ಉಳಿಯುತ್ತಿದ್ದೆ. ಆದರೆ ಗೆದ್ದವರಿಗೆ ಗೆಲುವನ್ನು ಮತ್ತೆ ಮತ್ತೆ ನೋಡುವ ಆಸೆ. ವಿಡಿಯೋವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಮಧ್ಯಾಹ್ನ ಮಲಗಿಕೊಂಡು ಹತ್ತು ಹನ್ನೊಂದು ಸಲ ನೋಡಿದೆ. ಮೊಣಕೈ, ಪಟ್ಟಿ, ಪೀಪಿ. ನನ್ನ ಕೈ ಎಷ್ಟು ಗಂಭೀರವಾಗಿ ಏಳುತ್ತದೆ! ಹನ್ನೆರಡನೆಯ ಸಲ, ಮೊಣಕೈ ನೋಡಿ ಸಾಕಾಗಿ, ಸುಮ್ಮನೆ ಆಚೆ ಕಡೆ ನೀಲಿಯವರನ್ನು ನೋಡಿದೆ. ಒಬ್ಬ ಸರ್ವಿಸನ್ನು ಎತ್ತಿದ. ಚೆಂಡು ಹೊರಗೆ ಹಾರಿತು. ಇನ್ನೊಬ್ಬ ಓಡಿ ಅದನ್ನು ಒಳಗೆ ತಟ್ಟಿದ. ಮೂರನೆಯವ ಹಾರಿ, ಸರಿಯಾಗಿ ಸಿಕ್ಕದೆ, ಬೆರಳ ತುದಿಯಿಂದ ಮುಟ್ಟಿದ; ಚೆಂಡು ಗಿರ್ರನೆ ತಿರುಗಿದ್ದು ಕಾಣುತ್ತಿತ್ತು. ಅವನ ಹಿಂದಿದ್ದವ ಅದನ್ನು ಈ ಕಡೆ ದಾಟಿಸಿದ. ನಾನು ಎದ್ದು ಕುಳಿತೆ. ಮತ್ತೆ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

ಮೂರು ಸಲಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ ಎಂಬುದು ಐದನೇ ತರಗತಿಯ ಮಕ್ಕಳಿಗೂ ಗೊತ್ತು. ಯತೀಶ ಹಾರುವ ಮೊದಲೇ ಆ ಅಂಕ ಅವನ ತಂಡದ್ದಾಗಿತ್ತು. ಹದಿನಾಲ್ಕು ಹದಿನಾಲ್ಕು ಆಗಬೇಕಿತ್ತು, ಪಂದ್ಯ ಮುಂದುವರಿಯಬೇಕಿತ್ತು. ಮೈದುನನ ಪರ ವಹಿಸಬಾರದೆಂಬ ಹಟದಲ್ಲಿ ಮೈದುನನೊಬ್ಬನನ್ನೇ ನೋಡುತ್ತಾ, ಉಳಿದವರೆಲ್ಲರನ್ನೂ ಬಿಟ್ಟುಬಿಟ್ಟಿದ್ದೆ. ಗ್ರೂಪಿನಲ್ಲಿ ಅಷ್ಟು ಜನ ನೋಡಿದರೂ ಎಲ್ಲರ ಕಣ್ಣು ಮೊಣಕೈಯ ಮೇಲೆಯೇ ನಿಂತಿದ್ದರಿಂದ ಇದು ಯಾರಿಗೂ ಹೊಳೆದಿರಲಿಲ್ಲ.

ತಡೆಯಲಾರದೆ ದಾಮೋದರ ಮಾಸ್ಟ್ರ ಮನೆಗೆ ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ಮೂರು ಸಲ ನೋಡಿ, ಮೊಣಕಾಲು ಹಿಡಿದುಕೊಂಡು ನಕ್ಕರು. "ಟೀಚರೇ, ನಾನು ಎಷ್ಟು ಬಿಟ್ಟಿದ್ದೇನೆ ಅಂತ ದೇವರಿಗೂ ಲೆಕ್ಕ ಸಿಕ್ಕಲಿಕ್ಕಿಲ್ಲ. ನನ್ನ ಕಾಲದಲ್ಲಿ ಮೊಬೈಲ್ ಇರ್ಲಿಲ್ಲ, ಅದೇ ನನ್ನ ಪುಣ್ಯ" ಎಂದರು. ಆಮೇಲೆ, "ಮೈದುನನಿಗೆ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ."

"ಹೇಳ್ತೀರಾ?"

"ಹೇಳ್ತೇನೆ. ನಾಳೆ."

ಆ ನಾಳೆಗೆ ಈಗ ಎರಡು ತಿಂಗಳು ತುಂಬಿದೆ. ಹೇಳಬಾರದೆಂದಲ್ಲ. ಆದರೆ ಯತೀಶ ಈಗ ಪ್ರತಿ ಆದಿತ್ಯವಾರ ಪ್ರಾಯಶ್ಚಿತ್ತವೆಂಬಂತೆ ಮೀನು ತರುತ್ತಾನೆ, ಒಂದು ವಾರ ಅಂಜಲ್, ಒಂದು ವಾರ ಬಂಗುಡೆ. "ಅತ್ತಿಗೆಗೆ ದೊಡ್ಡ ತುಂಡು" ಎಂದು ತಾನೇ ಬಡಿಸುತ್ತಾನೆ. ಬಾಯಲ್ಲಿ ಮೀನಿರುವಾಗ ಇಂಥ ವಿಷಯ ಎತ್ತಿ ಮುಳ್ಳು ಸಿಕ್ಕಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಜೂನಿನಲ್ಲಿ ಬೋಟುಗಳು ಕಡಲಿಗೆ ಇಳಿಯುವುದು ನಿಲ್ಲುತ್ತದಲ್ಲ, ಆಗ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದೆ. ನಿನ್ನೆ ಅವನು ಕೆಲಸದಿಂದ ಬಂದವನೇ, "ಅತ್ತಿಗೆ, ಮಳೆಗಾಲಕ್ಕೆ ಒಣಮೀನು ಹೇಳಿಟ್ಟಿದ್ದೇನೆ, ನಮಗೆ ಎಷ್ಟು ಬೇಕು?" ಎಂದು ಕೇಳಿದ.

ನಾನು ಮಳೆಗಾಲದ ವಾರಗಳನ್ನು ಬೆರಳಲ್ಲಿ ಎಣಿಸಿ, ಎರಡು ಕಿಲೋ ಸಾಕು ಎಂದೆ.